ಬೊಂಬೆ ಮೆಟ್ಟಿಲೇರಿದ ಬಾವಿಕಲ್ಲು

ದಸರಾ ಬೊಂಬೆ ಕೂರಿಸುವಾಗ ನನ್ನ ಕಲ್ಲುಗಳಿಗೂ ಒಂದು ಮೆಟ್ಟಿಲು ಸಿಕ್ಕಿದ್ದು ಐವತ್ತರ ದಶಕದ ಕೊನೆಯಲ್ಲಿ, ನಾನು ಹೈಸ್ಕೂಲು ಸೇರಿದ ವರ್ಷ. ಸಿಕ್ಕಿದ್ದು ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲು. ಅದೂ ಷರತ್ತಿನ ಮೇಲೆ. ನೋಡಲು ಬಂದವರು ಮೆಚ್ಚಿದರೆ ಸರಿ, ಇಲ್ಲವಾದರೆ ವಿಜಯದಶಮಿ ಮುಗಿಯುತ್ತಲೇ ಎಲ್ಲ ಕಲ್ಲೂ ಹಿತ್ತಲಿಗೆ ಎಂದು ಅಜ್ಜಿ ಹೇಳಿಬಿಟ್ಟಿದ್ದರು.

ಆಗ ನನ್ನ ಬಳಿ ಹದಿನೇಳು ಕಲ್ಲುಗಳಿದ್ದವು. ನಮ್ಮ ಹೊಳೆನರಸೀಪುರದ ಗುಡ್ಡಗಳಲ್ಲಿ ಮಳೆಯ ಮಾರನೆಯ ದಿನ ಹೆಕ್ಕಿದ, ನವಿಲಿನ ಕತ್ತಿನ ನೀಲಿಯ ಎಸಳೆಸಳು ಕಯನೈಟ್ ಹನ್ನೊಂದು. ಅರಕಲಗೂಡಿನ ಚಿಕ್ಕಮ್ಮನ ಊರಿನವು ಐದು, ದಾಳಿಂಬೆ ಬೀಜದಂಥ ಗಾರ್ನೆಟ್. ಹೆಸರುಗಳನ್ನು ಹೇಳಿಕೊಟ್ಟವರು ವಿಜ್ಞಾನದ ಮೇಷ್ಟ್ರು. ಸಿಕ್ಕ ದಿನ, ಸಿಕ್ಕ ಜಾಗ ಬರೆದು ಒಂದೊಂದಕ್ಕೂ ಚೀಟಿ ಅಂಟಿಸಿದ್ದೆ.

ಹದಿನೇಳನೆಯದು ನನ್ನ ಹೆಮ್ಮೆ. ದಂಡಿಗನಹಳ್ಳಿಯಲ್ಲಿ ಸೋದರಮಾವ ಬಾವಿ ತೋಡಿಸುವಾಗ ಬಂಡೆಯ ಬಿರುಕಿನಲ್ಲಿ ಸಿಕ್ಕಿದ್ದು. ತೆಂಗಿನಕಾಯಿಯಷ್ಟು ದಪ್ಪ, ಮೈತುಂಬ ಚೂಪು ಚೂಪಾದ ಹರಳು. ಬಿಸಿಲಿಗೆ ಹಿಡಿದರೆ ಬೆಳಕು ಒಳಗೇ ತುಂಬಿಕೊಳ್ಳುತ್ತಿತ್ತು. ಕ್ಯಾಲ್ಸೈಟ್, ಸುಣ್ಣದ ಜಾತಿಯ ಕಲ್ಲು ಎಂದಿದ್ದರು ಮೇಷ್ಟ್ರು.

ಹಬ್ಬದ ಹಿಂದಿನ ದಿನ ಸ್ಕೂಲಿನಿಂದ ಬಂದಾಗ ಅಜ್ಜಿ ಹಿತ್ತಲಲ್ಲಿ ದೀಪದ ಕಂಬಗಳನ್ನು ತಿಕ್ಕುತ್ತಿದ್ದರು. ಹುಣಸೆಹಣ್ಣು ಕಿವುಚಿದ ನೀರಿನ ಕೊಳದಪ್ಪಲೆಯಲ್ಲಿ ನನ್ನ ಚೀಟಿ ತೇಲುತ್ತಿತ್ತು. ಬಾವಿಕಲ್ಲು ತಳದಲ್ಲಿತ್ತು.

ಬೆಳಗ್ಗೆಯೇ ನೆನೆಹಾಕಿದ್ದರಂತೆ. ಹಿತ್ತಾಳೆ ಹೊಳೆಯುವ ಹಾಗೆ ಅದೂ ಹೊಳೆಯಲಿ, ನನ್ನ ಮೆಟ್ಟಿಲು ಬಂದವರ ಎದುರು ಕಳೆಗಟ್ಟಲಿ ಎಂದು. ಹುಳಿ ಸುಣ್ಣವನ್ನು ತಿನ್ನುತ್ತದೆಂದು ಯಾರಿಗೆ ಹೊಳೆದಿತ್ತು? ಅಜ್ಜಿ ಮೇಲೆತ್ತಿದಾಗ ಹರಳಿನ ಚೂಪೆಲ್ಲ ಸವೆದು, ಕಲ್ಲು ಹಳೆಯ ಉಪ್ಪಿನ ಹೆಂಟೆಯಂತೆ ಮಂಕಾಗಿತ್ತು.

"ಹೊಳೀಲಿ ಅಂತ ಆಕ್ದೆ ಕಣಮ್ಮಿ," ಎಂದರು. ಸೆರಗಿನಿಂದ ಒರೆಸಹೋದರು. ಒದ್ದೆ ಕಲ್ಲು ಜಾರಿ ಒರಳಿನ ಅಂಚಿಗೆ ಬಡಿದು ಚೂರಾಯಿತು.

ಅಳುತ್ತಲೇ ಆಯಲು ಕೂತೆ. ಅಳು ಅರ್ಧಕ್ಕೇ ನಿಂತಿತು. ಎಲ್ಲ ಚೂರುಗಳಿಗೂ ಒಂದೇ ಆಕಾರ: ಪಕ್ಕಕ್ಕೆ ಒತ್ತಿದ ಬೆಂಕಿಪೊಟ್ಟಣದಂತೆ, ಓರೆಯಾದ ಆರು ಮುಖ. ಕಡಲೆಕಾಳಿನಷ್ಟಿದ್ದುದಕ್ಕೂ ಅದೇ ಓರೆ. ಯಾವ ಉಳಿಯೂ ಇಷ್ಟು ನಯವಾಗಿ ಕಡೆಯಲಾರದು. ಒಳಗಿನ ತುಂಡುಗಳಂತೂ ನೀರಿನಷ್ಟು ತಿಳಿ.

ಅವನ್ನು ಒಳಗೆ ತಂದು, ಮೆಟ್ಟಿಲುಗಳ ಮುಂದೆ ಅಜ್ಜಿ ಹಾಕಿದ್ದ ರಂಗೋಲಿಯ ಪಕ್ಕ ಸುರಿದೆ. ದೊಡ್ಡ ತುಂಡೊಂದು ಒಂದು ಚುಕ್ಕಿಯ ಮೇಲೆ ಕೂತಿತು. ಕೆಳಗೆ ಎರಡು ಚುಕ್ಕಿ ಕಂಡವು. ಎತ್ತಿದೆ, ಒಂದು. ಇಟ್ಟೆ, ಎರಡು. ಅಜ್ಜಿ ಮಂಡಿಯೂರಿ, ಉಸಿರು ಬಿಗಿಹಿಡಿದು ಕಲ್ಲನ್ನು ನಿಧಾನವಾಗಿ ತಿರುಗಿಸಿದರು. ಒಂದು ಚುಕ್ಕಿ ಇದ್ದಲ್ಲೇ ಇತ್ತು; ಇನ್ನೊಂದು ಅದರ ಸುತ್ತ ಸರಿಯಿತು.

"ಒಂದು ಕೂತೈತೆ, ಇನ್ನೊಂದು ಪ್ರದಕ್ಷಿಣೆ ಆಕ್ತೈತೆ," ಎಂದರು ಪಿಸುದನಿಯಲ್ಲಿ.

ಆ ಕಲ್ಲಿನೊಳಗೆ ಬೆಳಕು ಎರಡು ದಾರಿ ಹಿಡಿಯುತ್ತದೆ ಎಂದು ಮೇಷ್ಟ್ರು ಆಮೇಲೆ ವಿವರಿಸಿದರು. ಎರಡು ದಾರಿ ಏಕೆ ಎಂಬುದು ನನಗಿನ್ನೂ ಬೆರಗೇ.

ಹಬ್ಬದಲ್ಲಿ ಹಾಸನದಿಂದ ಬಂದ ಬೀಗಿತ್ತಿ ಕೆಳಗಿನ ಮೆಟ್ಟಿಲು ನೋಡಿ ನಕ್ಕರು. "ಏನ್ರಮ್ಮಾ, ಈ ಸಾರ್ತಿ ಜಲ್ಲೀನೂ ಕೂರ್ಸಿದ್ದೀರಾ?"

ಅಜ್ಜಿ ಆಕೆಯ ಅಂಗೈ ಮೇಲೆ ಕುಂಕುಮದ ಒಂದು ಚುಕ್ಕಿಯಿಟ್ಟು ಅದರ ಮೇಲೆ ಕಲ್ಲಿಟ್ಟರು. ಬೀಗಿತ್ತಿ ಬಗ್ಗಿಸಿದ ತಲೆಯನ್ನು ಕೋಸಂಬರಿ ತಂದುಕೊಟ್ಟರೂ ಎತ್ತಲಿಲ್ಲ.

ದಶಮಿಯ ಮಾರನೆಯ ದಿನ ಬೊಂಬೆಗಳನ್ನು ಪೆಟ್ಟಿಗೆಗೆ ತುಂಬುವಾಗ ನಾನು ದೂರ ನಿಂತಿದ್ದೆ. ಅಜ್ಜಿ ತಮ್ಮ ಹಳೆಯ ರೇಷ್ಮೆ ಸೀರೆಯ ತುಂಡಿನಲ್ಲಿ ಪಟ್ಟದ ಬೊಂಬೆಗಳನ್ನು ಸುತ್ತಿದರು. ಅದೇ ಬಟ್ಟೆಯ ಇನ್ನೊಂದು ತುಂಡು ಹರಿದು ಕೈ ಚಾಚಿದರು.

"ತತ್ತಾ ಇಲ್ಲಿ ಅದನ್ನ. ಚೀಟಿ ಬರೆದ್ಯಾ?"