ವಾಶಿಯಲ್ಲಿ ಕೇಳದೆ ಉಳಿದದ್ದು

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ನಾವು ಮೂವರು ಡೊಂಬಿವಲಿಯಿಂದ ಹೊರಟೆವು: ತಂಗಿ ವನಜ, ಅವಳ ಗಂಡ ಮಾಧವ, ಹಿಂದಿನ ದಿನವಷ್ಟೇ ಕುಂದಾಪುರದಿಂದ ಬಂದಿಳಿದಿದ್ದ ನಾನು. ವಾಶಿಯಲ್ಲಿ ಹುಡುಗನ ಮನೆ ನೋಡಿ ಬರಬೇಕಿತ್ತು. ತಂಗಿಯ ಮಗಳು ಶ್ರುತಿ ಸ್ಟೇಷನ್ನಿನ ತನಕ ಬಂದು ನನ್ನನ್ನು ಬದಿಗೆ ಕರೆದಳು.

"ಮಾವ, ಒಂದೇ ಕೇಳಿ. ಮದುವೆ ಆದ ಮೇಲೂ ನಾನು ಠಾಣೆಯ ಲ್ಯಾಬಿಗೆ ಹೋಗ್ತೇನೆ, ಅವರಿಗೆ ಚಲೇಗಾ ಕ್ಯಾ, ಆಗ್ತದಾ? ಪಪ್ಪನಿಗೆ ಹೇಳಿ ಉಪಯೋಗ ಇಲ್ಲ. ಅವರ ಮಾತು ಎಲ್ಲೆಲ್ಲೋ ಹೋಗ್ತದೆ."

ಮೂವತ್ತು ವರ್ಷ ಪಂಚಾಯಿತಿ ಸಭೆಯ ನಡಾವಳಿ ಬರೆದವನು ನಾನು. ಮಾತು ಎಲ್ಲಿ ದಾರಿ ತಪ್ಪಿತು, ಯಾರು ತಪ್ಪಿಸಿದರು ಎಂದು ಗುರುತು ಹಾಕಿಕೊಂಡು ವಿಷಯಕ್ಕೆ ಎಳೆದು ತರುವುದೇ ನನ್ನ ಕೆಲಸವಾಗಿತ್ತು. ಕಿಸೆಯ ಪುಸ್ತಕದ ಮೊದಲ ಸಾಲಿನಲ್ಲಿ ಅವಳ ಪ್ರಶ್ನೆ ಬರೆದುಕೊಂಡೆ.

ಟಿಕೆಟ್ಟಿಗೆ ತಲಾ ಹದಿನೈದು ರೂಪಾಯಿ. ಭಾನುವಾರವಾದರೂ ಕಾಲಿಡಲು ಜಾಗವಿಲ್ಲ, ಮೇಲಿಂದ ಸೆಕೆ. ಪ್ರಶ್ನೆಯನ್ನು ಯಾವಾಗ ಎತ್ತೋಣ ಎಂದು ಮಾಧವನನ್ನು ಕೇಳಿದೆ. ಮುಂಬ್ರಾ ಬರುವಷ್ಟರಲ್ಲಿ ಅವನು ಬದಲಾಪುರದ ಫ್ಲ್ಯಾಟಿಗೆ, ಅಲ್ಲಿಂದ ಲಿಫ್ಟಿಗೆ, ಲಿಫ್ಟಿನಿಂದ ತನ್ನ ಮಂಡಿನೋವಿಗೆ ಹೋಗಿದ್ದ. ಮಾತು ದಾರಿ ತಪ್ಪಿದ್ದು ಮೂರು ಸಲ ಎಂದು ಪುಸ್ತಕದಲ್ಲಿ ಬರೆದೆ. ಠಾಣೆಯಲ್ಲಿ ಗಾಡಿ ಬದಲಿಸಿದೆವು. ತುರ್ಭೆ ದಾಟುವಾಗ ವನಜ ತರಕಾರಿ ಮಾರ್ಕೆಟ್ಟಿನ ಮಾತು ತೆಗೆದಳು. ನಾಲ್ಕು. ಮಗಳ ಬದುಕಿನ ಮಾತಿಗೆ ಇವರಿಗೆ ಅರ್ಧ ಗಂಟೆ ಪುರುಸೊತ್ತಿಲ್ಲವೇ ಎಂದು ಮೈ ಉರಿದುಹೋಯಿತು.

ವಾಶಿಯ ಮನೆ ಮುಟ್ಟಿದಾಗ ಹುಡುಗ ಡ್ಯೂಟಿಗೆ ಹೋಗಿದ್ದ. ಅವನ ತಂದೆ ಸದಾನಂದರು ಹೋಟೆಲು ನಡೆಸಿದವರು, ಗೋಳಿಬಜೆ ತಟ್ಟೆ ತುಂಬಾ ಇಟ್ಟು, "ಊರಲ್ಲಿ ನಿಮ್ಮದು ಎಲ್ಲಿ ಆಯ್ತು?" ಎಂದರು. ನಮ್ಮ ಕಡೆಯವರ ಹಣೆಬರಹವೇ ಇದು! ಇದೊಂದು ಕೇಳಿದರೆ ಆಯಿತು, ಇಡೀ ತಾಲೂಕು ತಿರುಗಿ ಬರಬೇಕು. ಅವರ ಚಿಕ್ಕಮ್ಮನ ಮನೆ, ಮಾಧವನ ಅಜ್ಜನ ಗದ್ದೆ, ಯಾರದೋ ಎಮ್ಮೆ. ಏಳಾಯಿತು. ನಾನು ಗಂಟಲು ಸರಿಮಾಡಿಕೊಂಡೆ.

"ಹೇಳಿ, ನೀವು ಏನೋ ಕೇಳ್ಲಿಕ್ಕಿತ್ತು," ಎಂದು ಸದಾನಂದರೇ ನನ್ನ ಕಡೆ ತಿರುಗಿದರು. "ಅಲ್ಲ, ನೀವು ಓದಿದ್ದು ಗಂಗೊಳ್ಳಿಯಲ್ಲಾ? ಹೊಳೆ ದೋಣಿಯಲ್ಲಿ ದಾಟ್ತಿದ್ರಿ ಹಾಗಾದ್ರೆ?"

ದೋಣಿ! ನಾನು ಹೇಳತೊಡಗಿದೆ. ಗಾಳಿಗೆ ಹಾರಿದ ಕೊಡೆ, ನೆನೆದ ಪಟ್ಟಿಪುಸ್ತಕ, ಪರೀಕ್ಷೆಯ ದಿನ ಬಾರದ ಅಂಬಿಗ, ಒಂದೂ ಬಿಡಲಿಲ್ಲ. ಎಲ್ಲರೂ ನಕ್ಕರು. ಅಷ್ಟರಲ್ಲಿ ರಿಕ್ಷಾ ಬಂತು, ಎಲ್ಲರೂ ಎದ್ದರು, ಹುಡುಗನ ತಾಯಿ ವನಜಳಿಗೆ ಕುಂಕುಮ ಕೊಟ್ಟರು.

ಐರೋಲಿಯ ಹತ್ತಿರ ಪುಸ್ತಕ ಕೈಗೆ ತಾಗಿದಾಗ, ಶ್ರುತಿಯ ಪ್ರಶ್ನೆ ಕೇಳಲೇ ಇಲ್ಲವೆಂದು ನನಗೆ ನೆನಪಾಯಿತು. ಥೂ ನನ್ನ ಜನ್ಮಕ್ಕೆ! ಬೆಳಗಿನಿಂದ ಅವರಿವರನ್ನು ಬೈದದ್ದೆಲ್ಲ ನನಗೇ ತಿರುಗಿತು.

ಡೊಂಬಿವಲಿ ಸ್ಟೇಷನ್ನಿನಲ್ಲೇ ಶ್ರುತಿ ಕಾದಿದ್ದಳು. ಪುಸ್ತಕ ಕೊಟ್ಟೆ. ಅವಳಿಗೆ ಕನ್ನಡ ಓದಲು ಬಾರದು, ಮೊದಲ ಸಾಲಿನ ಅವಳ ಪ್ರಶ್ನೆಯನ್ನೂ ಮಾತು ತಪ್ಪಿದ ಏಳನ್ನೂ ನಾನೇ ಓದಿ ಹೇಳಬೇಕಾಯಿತು.

"ಎಂಟನೆಯದು ಬರೆದಿಲ್ಲ. ಅದು ನನ್ನದು ಮಗಾ, ದೋಣಿ," ಎಂದೆ.

ಅವಳು ಅಮ್ಮನಿಂದ ನಂಬರು ತೆಗೆದುಕೊಂಡು ಅಲ್ಲೇ ನಿಂತು ಹುಡುಗನ ತಾಯಿಗೆ ಫೋನ್ ಮಾಡಿ ತನ್ನ ಪ್ರಶ್ನೆ ಕೇಳಿದಳು. ಅತ್ತ ಕಡೆಯಿಂದ ಬೇರೇನೋ ಉದ್ದಕ್ಕೆ ಶುರುವಾಯಿತು.

"ಅದು ಆಮೇಲೆ ಹೇಳಿ ಆಂಟಿ," ಎಂದಳು. "ಮೊದಲು ನಂದು."

ಸ್ವಲ್ಪ ಹೊತ್ತು ಕೇಳಿಸಿಕೊಂಡು ಫೋನ್ ಇಟ್ಟು, ನನ್ನ ಕಿಸೆಯಿಂದ ಪೆನ್ನು ತೆಗೆದು, ಮೊದಲ ಸಾಲಿನ ಎದುರು ಮರಾಠಿಯ ಹೌದು, 'ಹೋ' ಎಂದು ಬರೆದು ಪುಸ್ತಕ ನನ್ನ ಕೈಗಿಟ್ಟಳು.