ಸೋದರತ್ತೆಯ ಬೆನ್ನಿಗೆ ಬಿದ್ದ ಗುದ್ದು

ದೇವಿಕೊಪ್ಪದಲ್ಲಿ ಹಿಟ್ಟಿನ ಗಿರಣಿ ನಡೆಸುವ ಸಿದ್ಧಾರೂಢ ತನ್ನ ನಲವತ್ತೇಳನೆಯ ವಯಸ್ಸಿನಲ್ಲಿ ದಿಗ್ವಿಜಯಕ್ಕೆ ಹೊರಟ. ಕುದುರೆ ಇರಲಿಲ್ಲ, ಖಡ್ಗ ಇರಲಿಲ್ಲ. ಮೂಲೆ ಒಡೆದ ಒಂದು ಫೋನು ಮತ್ತು ಹಿಟ್ಟು ಮೆತ್ತಿದ ಒಂದು ಹೆಬ್ಬೆರಳು ಇದ್ದವು. ಗೆಲ್ಲಬೇಕಾದ ವೈರಿ ಎಂದರೆ ಆಕಳಿಕೆ. ಅವನು ತೆಗೆದ ಮನೆಯ ವಿಡಿಯೊಗಳನ್ನು ನೋಡಲು ಕೂತ ನೆಂಟರು ಎರಡನೆಯ ನಿಮಿಷಕ್ಕೇ ಬಾಯಿ ತೆರೆಯುತ್ತಿದ್ದರು, ಮೂರನೆಯದಕ್ಕೆ ಚಪ್ಪಲಿ ಹುಡುಕುತ್ತಿದ್ದರು.

ಆಗ ಅವನಿಗೆ ಜಂಪ್ ಕಟ್ ಎಂಬ ಅಸ್ತ್ರ ಸಿಕ್ಕಿತು. ಫೋನನ್ನು ಅಲುಗಾಡದಂತೆ ಒಂದೇ ಕಡೆ ಕಟ್ಟಿ ವಿಡಿಯೊ ತೆಗೆಯುವುದು. ಆಮೇಲೆ ನಡುವಿನ ತುಂಡು ಕತ್ತರಿಸಿ ಬಿಸಾಡಿ ಎರಡು ತುದಿ ಜೋಡಿಸುವುದು. ಬಾಗಿಲಲ್ಲಿ ನಿಂತವನು ಕಣ್ಣು ಮಿಟುಕಿಸುವುದರೊಳಗೆ ಮಂಚದ ಮೇಲೆ ಕೂತಿರುತ್ತಾನೆ. ಮೊದಲ ಪ್ರಯೋಗ ಹೆಂಡತಿ ಗುರವ್ವನ ಮೇಲೆ ನಡೆಯಿತು. ಆಕೆ ಬಡಿದ ನಲವತ್ತು ರೊಟ್ಟಿ ಹನ್ನೊಂದು ಸೆಕೆಂಡಿನಲ್ಲಿ ಪಟಪಟನೆ ಗುಡ್ಡವಾಗಿ ಬೆಳೆದವು.

“ನನಗ ಎರಡ ತಾಸ ಹಿಡದಿತ್ತಲ್ರೀ,” ಅಂದಳು ಗುರವ್ವ. “ನಾಳಿಂದ ನಿಮ್ಮ ಫೋನಿಗೇ ಹಚ್ಚರಿ ರೊಟ್ಟಿ ಬಡಿಯಾಕ.”

ಸಿದ್ಧಾರೂಢ ಇದನ್ನು ಪ್ರಶಸ್ತಿ ಎಂದೇ ತಿಳಿದ. ಮೂವತ್ತು ವರ್ಷ ಗಿರಣಿಯ ಸದ್ದಿನಲ್ಲಿ ಬಾಳಿದ ಕಿವಿ ಅವನದು. ಹೀಗಾಗಿ ಅವನು ತನಗೊಂದು ನೇಮ ಮಾಡಿಕೊಂಡ: ಎಲ್ಲಿ ಸದ್ದಿಲ್ಲವೋ ಅಲ್ಲಿ ಏನೂ ನಡೆದಿಲ್ಲ, ಕತ್ತರಿಸು.

ಈ ನೇಮವೇ ಅವನನ್ನು ಕೆಡವಿತು. ತಮ್ಮ ಪ್ರಭುವಿಗೆ ಹೆಣ್ಣುಮಗು ಹುಟ್ಟಿ, ಹದಿಮೂರನೆಯ ದಿನ ತೊಟ್ಟಿಲಿಗೆ ಹಾಕುವ ಕಾರ್ಯ ಬಂತು. ಹೆಸರಿಡಲು ಸೋದರತ್ತೆಯೇ ಬೇಕು. ಇದ್ದವಳು ಒಬ್ಬಳೇ, ನವಲಗುಂದಕ್ಕೆ ಕೊಟ್ಟ ಅಕ್ಕ ರೇವವ್ವ. ಆಕೆ ತವರಿಗೆ ಕಾಲಿಡದೆ ನಾಲ್ಕು ವರ್ಷವಾಗಿತ್ತು. ಪ್ರಭುವಿನ ಲಗ್ನಪತ್ರಿಕೆಯಲ್ಲಿ ಸೋದರಮಾವನ ಮೊಮ್ಮಕ್ಕಳ ಹೆಸರೆಲ್ಲ ಇದ್ದು, ರೇವವ್ವನದೊಂದು ಬಿಟ್ಟುಹೋಗಿತ್ತು. ಪತ್ರಿಕೆ ಮಾಡಿಸಿದವನು ಇದೇ ಸಿದ್ಧಾರೂಢ. ಕೂಸಿನ ಸುದ್ದಿ ಕೇಳಿ ಆಕೆ ಸಿಟ್ಟು ನುಂಗಿ, ಎರಡು ಬಸ್ಸು ಬದಲಿಸಿ, ಕೂಸಿನ ತಲೆಗೆ ಕಟ್ಟುವ ಕುಂಚಿಗೆ ಹೊಲಿದು ತಂದಳು. ಸಿದ್ಧಾರೂಢ ಕಿಟಕಿಯ ಸರಳಿಗೆ ಫೋನು ಕಟ್ಟಿದ. ಹಸಿರು ಸೀರೆಯ ರೇವವ್ವ ಬಣ್ಣದ ತೊಟ್ಟಿಲಿಗೆ ಬಾಗಿ, ಶಾಸ್ತ್ರಕ್ಕೆ “ಕುರ್ರ್” ಎಂದು, ಕೂಸಿನ ಕಿವಿಯಲ್ಲಿ ‘ಅಮೃತಾ’ ಎಂದು ಮೂರು ಸಲ ಉಸುರಿದಳು. ಹೆಸರು ಇಟ್ಟ ಕೂಡಲೇ ಸೇರಿದ ಹೆಂಗಸರು ಪದ್ಧತಿಯಂತೆ ನಗುತ್ತ ಆಕೆಯ ಬೆನ್ನಿಗೆ ಗುದ್ದಿದರು. ನಾಲ್ಕು ವರ್ಷದ ಬಾಕಿಯೂ ಸೇರಿ ಗುದ್ದುಗಳು ತುಸು ಜೋರಾಗಿಯೇ ಬಿದ್ದವು. ರೇವವ್ವ ಅತ್ತು ನಕ್ಕಳು. ಮನೆ ಒಂದಾಯಿತು.

ಒಂದಾದ ಮನೆಯನ್ನು ಸಿದ್ಧಾರೂಢ ಎಡಿಟಿಂಗಿಗೆ ಕೂರಿಸಿದ. ಉಸುರಿದ್ದು ಅವನ ಕಿವಿಗೆ ಬೀಳಲಿಲ್ಲ, ಕತ್ತರಿಸಿದ. ಗುದ್ದು ಚೆನ್ನಾಗಿ ಕೇಳಿಸಿತು. ಇರಲಿ ಎಂದು ಅದನ್ನು ಮೂರು ಸಲ ಹಾಕಿದ. ವಿಡಿಯೊ ನವಲಗುಂದಕ್ಕೆ ಕಳಿಸಿ, ಫೋನು ತುಂಬಿದೆಯೆಂದು ಮೂಲವನ್ನು ಅಳಿಸಿಯೂ ಬಿಟ್ಟ. ವೀರರಿಗೆ ಹಿಂತಿರುಗಿ ನೋಡುವ ಅಭ್ಯಾಸವಿಲ್ಲ.

ಎರಡು ದಿನಕ್ಕೆ ರೇವವ್ವನ ಫೋನು ಬಂತು.

“ಲೇ ಸಿದ್ಧ್ಯಾ, ಓಣಿ ಮಂದಿನೆಲ್ಲಾ ಕರದು ತೋರಿಸಿದೆ. ನಾ ಬಾಗಿದ್ದಷ್ಟ ಕಾಣಿಸ್ತು, ಆಮ್ಯಾಲ ಬರೇ ಹೊಡತ! ನಾ ಹೆಸರ ಇಟ್ಟಿದ್ದೆಲ್ಲಿ ಹೋತು? ಪತ್ರಿಕಿಯಾಗೂ ನಾ ಇಲ್ಲ, ಇದರಾಗೂ ಇಲ್ಲ. ಇನ್ನ ನನಗ ಆ ಮನಿ ಇಲ್ಲಂತ ತಿಳಕೋ.”

ಮೂರು ಸಲ ತಿರುಗಿ ಫೋನು ಹಚ್ಚಿದರೂ ಆಕೆ ಎತ್ತಲಿಲ್ಲ. ಆರು ವಾರ ಕಳೆದವು. ಕಡೆಗೆ ಸಿದ್ಧಾರೂಢ ಗಿರಣಿಗೆ ಬೀಗ ಹಾಕಿ ಬಸ್ಸು ಹತ್ತಿದ.

ಅಕ್ಕನ ಮನೆಯ ಕಟ್ಟೆಯ ಮೇಲೆ ಬಾಜೂಮನೆಯ ಜಮೀಲಾಬಿ ಕೂತಿದ್ದಳು. ಜಮಖಾನ ನೇಯುವ ಕೈ, ನೂಲಿನ ಒಂದೆಳೆ ತಪ್ಪಿದರೂ ಹಿಡಿಯುವ ಕಣ್ಣು.

“ರೇವವ್ವಾ, ಯಾರೋ ಬಂದಾರ ನೋಡ,” ಎಂದು ಒಳಗೆ ಕೂಗಿ ಅವನನ್ನು ಮೇಲಿಂದ ಕೆಳಗೆ ಅಳೆದಳು. “ಹೊಡಿಸಿದ ತಮ್ಮಾರು ನೀವ ಏನ್ರಿ?”

“ಹೌದ್ರಿ. ನಾನ ರಿ,” ಅಂದ ದಿಗ್ವಿಜಯಿ. ಹೊರಬಂದ ಅಕ್ಕನಿಗೆ, ಓಣಿಯ ಎದುರೇ ಹೇಳಿದ: “ಅಕ್ಕಾ, ಹೆಸರ ಇಟ್ಟಾಕಿ ನೀನ. ಕೊಯ್ದಾಂವ ನಾನು. ಪತ್ರಿಕಿಯಾಗ ಬಿಟ್ಟಾಂವನೂ ನಾನ. ಇನ್ನೊಮ್ಮೆ ಬಂದು ಅಷ್ಟ ಉಸುರವಾ. ಅದ ಸೀರಿ ಉಟಗೊಂಡ ಬಾ, ಅದ ಜಾಗಾದಾಗ ಫೋನ್ ಕಟ್ತೀನಿ, ನಡುವ ಕೂಡಿಸಿದ್ರ ಯಾರಿಗೂ ಗೊತ್ತಾಗೂದಿಲ್ಲ.”

“ಇಟ್ಟ ಹೆಸರ ಮತ್ತ ಇಡೂದೇನಲೇ?”

“ಸುಮ್ನ ಹೋಗವಾ ರೇವವ್ವ,” ಅಂದಳು ಜಮೀಲಾಬಿ. “ತಮ್ಮ ಇಷ್ಟ ದೂರ ಬಂದಾನ. ಈ ಸಲಾ ಯಾರರ ಹೊಡದ್ರ ನನಗ ಫೋನ್ ಮಾಡ.”

ರೇವವ್ವ ಬಂದಳು, ಅದೇ ಹಸಿರು ಸೀರೆ ಉಟ್ಟು. ಸಿದ್ಧಾರೂಢ ಕಿಟಕಿಯ ಅದೇ ಸರಳಿಗೆ ಫೋನು ಕಟ್ಟಿದ. ಆಕೆ ತೊಟ್ಟಿಲಿಗೆ ಬಾಗಿದಳು. ಕೂಸು ಈಗ ಕಣ್ಣರಳಿಸಿ ಅತ್ತೆಯ ಮೂಗು ಹಿಡಿಯಿತು. ಒಂದು ನಿಮಿಷವಾಯಿತು, ಎರಡಾಯಿತು. ಆಕೆ ಉಸುರುತ್ತಲೇ ಇದ್ದಳು. ಹೆಸರು ಮೂರೇ ಅಕ್ಷರ, ಉಳಿದದ್ದೇನೆಂದು ಯಾರಿಗೂ ತಿಳಿಯಲಿಲ್ಲ. ಸಿದ್ಧಾರೂಢನ ಹೆಬ್ಬೆರಳು ಎರಡು ಸಲ ತುರಿಸಿತು. ಅವನು ಅದನ್ನು ಮುಷ್ಟಿಯೊಳಗೆ ಅಡಗಿಸಿ ಕಾದ.

ಜೋಡಿಸಿ ನೋಡಿದರೆ ಎಲ್ಲವೂ ಸರಿ ಹೊಂದಿತ್ತು: ತೊಟ್ಟಿಲು, ಸೀರೆ, ಗೋಡೆ. ಕೂಸೊಂದೇ ಹೊಂದಿರಲಿಲ್ಲ. ಹದಿಮೂರು ದಿನದ ಸಣಕಲು ಅಮೃತಾ ಫಕ್ಕನೆ ಎರಡು ತಿಂಗಳ ಗುಂಡಮ್ಮನಾಗಿ, ಮತ್ತೆ ಫಕ್ಕನೆ ಸಣಕಲಾಗುತ್ತಿದ್ದಳು. ಪ್ರಭುವಿನ ಹೆಂಡತಿ ಸುನಿತಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಸಿದ್ಧಾರೂಢನ ಮುಖ ಇಳಿಯಿತು.

“ಮಾರಿಗೆ ಕುಂಚಿಗಿ ಮುಚ್ಚಿ ಮತ್ತೊಮ್ಮೆ ತಗೀಲೇನಕ್ಕಾ?”

ರೇವವ್ವ ಫೋನು ಕಸಿದುಕೊಂಡು ಇನ್ನೊಮ್ಮೆ ನೋಡಿದಳು, ಉಸುರಿದ್ದನ್ನು ಪೂರ್ತಿ, ಆಕಳಿಸದೆ.

“ಏನೂ ಮುಟ್ಟಬ್ಯಾಡ,” ಅಂದಳು. “ನಾ ಎರಡ ಸಲಾ ಬಂದಿದ್ದು ಹಿಂಗಿದ್ರನ ಕಾಣ್ತದ. ಜಮೀಲಾಬಿಗೆ ಕಳಸು. ಗುರವ್ವಾ, ನನಗೂ ಎರಡ ರೊಟ್ಟಿ ಹಾಕ, ನಾ ನಾಡಿದ್ದು ಹೋಗ್ತೀನಿ.”