ಗೋಡೆ ಕುಡಿದ ಚಹಾ

ಕರೆಂಟು ಹೋಗಬಹುದಿತ್ತು. ಫೋನಿನಲ್ಲಿ ಜಾಗ ಸಾಲದೆ ರೆಕಾರ್ಡಿಂಗ್ ಅರ್ಧಕ್ಕೇ ನಿಲ್ಲಬಹುದಿತ್ತು. ಮಗುವನ್ನು ಕರೆತರುವ ನಿಂಬರ್ಗಾದ ಬಸ್ಸು ತಪ್ಪಬಹುದಿತ್ತು. ಸಿಕ್ಕರೂ ಮಗು ಅದರಲ್ಲೇ ನಿದ್ದೆ ಹೋಗಬಹುದಿತ್ತು. ಎಲ್ಲಕ್ಕಿಂತ ಮಿಗಿಲಾಗಿ, ಆಯಿ ಬಾಯಿ ತೆರೆಯಬಹುದಿತ್ತು. ನನ್ನ ಮೇಜಿನ ಮೇಲಿರುವ, ಹಿಡಿಕೆ ಮುರಿದ ಈ ಆಟದ ಕಪ್ ಕಂಡಾಗಲೆಲ್ಲ ಆ ಪಟ್ಟಿ ನೆನಪಾಗುತ್ತದೆ.

ನನ್ನ ಕೆಲಸ ಕೇಳಿದರೆ ನೀವು ನಗುತ್ತೀರಿ. ಆಳಂದ, ಅಫಜಲಪುರ, ಜೇವರ್ಗಿ ತಿರುಗುತ್ತ, ಆಟಿಸಂ ಇರುವ ಪುಟ್ಟ ಮಕ್ಕಳು ಥೆರಪಿಸ್ಟ್ ಜೊತೆ ಆಡುವುದನ್ನು ಹತ್ತು ನಿಮಿಷ ಫೋನಿನಲ್ಲಿ ಹಿಡಿಯುವುದು. ಆಮೇಲೆ ಯಾರು ಮೊದಲು ಕರೆದರು, ಯಾರು ಓಗೊಟ್ಟರು ಎಂದು ಹಾಳೆಯಲ್ಲಿ ಗೆರೆ ಎಳೆಯುವುದು. ಫೋನು ಹಿಡಿದವನು ಗೋಡೆಯಂತಿರಬೇಕೆಂಬುದು ನಿಯಮ. ಮನೆಯಲ್ಲಿ ನಾನು ಗೋಡೆಯೇ ಎಂದು ಹೆಂಡತಿ ಹೇಳುವುದರಿಂದ ಅರ್ಹತೆಯ ಬಗ್ಗೆ ಮಾತ್ರ ನನಗೆ ಚಿಂತೆಯಿರಲಿಲ್ಲ.

ಆಳಂದದ ಕೇಂದ್ರಕ್ಕೆ ಬರುವ ಭಾಗ್ಯಾಳಿಗೆ ಮೂರು ವರ್ಷ. ಅವಳ ಹಾಳೆಯಲ್ಲಿ ‘ಮಗು ತಾನಾಗಿ ಶುರುಮಾಡಿದ್ದು’ ಎಂಬ ಚೌಕ ಹಿಂದಿನ ಎರಡು ಸಲವೂ ಖಾಲಿ. ‘ಓಗೊಟ್ಟದ್ದು’ ಎಂಬುದನ್ನಂತೂ ಅವಳ ಅಜ್ಜಿ, ಅಂದರೆ ಆಯಿ, ಕೆಡಿಸಿಟ್ಟಿದ್ದರು. ಥೆರಪಿಸ್ಟ್ ಶಿವಲೀಲಾ “ಭಾಗ್ಯಾ” ಎಂದರೆ ಸಾಕು, ಮೂಲೆಯಿಂದ ಆಯಿಯೇ “ಓ” ಅನ್ನುವರು. ಕರೆದವರಿಗೆ ಮನೆಯವರು ಯಾರೂ ಓ ಅನ್ನದಿದ್ದರೆ ಮರ್ಯಾದೆಯೇ ಎಂಬುದು ಅವರ ವಾದ. ನಾನು ಎಷ್ಟು ರೇಗಿದರೂ ಅಷ್ಟೇ.

ಆ ದಿನ ಮಾತ್ರ ಅವರೇ ಹೇಳಿದರು: “ಸುಮ್ ಕೂಡ್ತೇನ್ರಿ ಸಾಹೇಬ್ರ. ಈ ಸಲಾನೂ ಏನೂ ಕಾಣಲಿಲ್ಲಂದ್ರ ಇವಳಪ್ಪ ಇನ್ ಕಳ್ಸಂಗಿಲ್ಲ ಅಂದಾನ.” ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತರು.

ಶಿವಲೀಲಾ ಸುಳ್ಳು ಚಹಾ ಕುಡಿದಂತೆ ಮಾಡಿ, ಕಪ್ಪನ್ನು ಕೆಳಗಿಟ್ಟು, ಅಂಗೈ ಚಾಚಿ ಕಾದಳು. ಭಾಗ್ಯಾ ಕಪ್ಪಿನ ಹಿಡಿಕೆ ಹಿಡಿದು ತಿರುಗಿಸಿದಳು, ತಿರುಗಿಸಿದಳು, ನನ್ನ ತಲೆ ತಿರುಗುವವರೆಗೆ ತಿರುಗಿಸಿದಳು. ಆಮೇಲೆ ಎದ್ದು, ಚಾಚಿದ ಅಂಗೈಯನ್ನು ದಾಟಿ, ನೇರ ನನ್ನ ಬಳಿ ಬಂದು ಕಪ್ಪನ್ನು ಎತ್ತಿ ಹಿಡಿದಳು.

ತೆಗೆದುಕೊಂಡರೆ ರೆಕಾರ್ಡಿಂಗ್ ಹಾಳು. ಬಿಟ್ಟರೆ, ಮತ್ತೆ ಯಾರಿಗಾದರೂ ಕೊಟ್ಟಾಳೇ? ಅದೂ ಅಲ್ಲದೆ, ನಮ್ಮ ಕಡೆ ಕೈಗೆ ಬಂದ ಚಹಾ ಒಲ್ಲೆ ಅನ್ನುವ ರೂಢಿಯಿಲ್ಲ. ಸೊರ್ ಎಂದು ಕುಡಿದೆ.

“ಗ್ವಾಡಿ ಚಾ ಕುಡೀತಾವೇನ್ರಿ ಸರ?” ಎಂದಳು ಶಿವಲೀಲಾ.

ಆಯಿ ಸೆರಗು ತೆಗೆದರು. “ಸಕ್ರಿ ಬರೋಬರಿ ಅದ ಏನ್ರಿ?”

ಥೆರಪಿಸ್ಟ್‌ಗೆ ಕೊಟ್ಟದ್ದಲ್ಲವಾದ್ದರಿಂದ ಹಾಳೆಯ ಆ ಚೌಕ ಮೂರನೇ ಸಲವೂ ಖಾಲಿ. ಮರುವಾರ ಭಾಗ್ಯಾಳ ಅಪ್ಪನೇ ಬಂದು, ಮಗು ಚಹಾ ಕೊಟ್ಟಳೆಂಬ ಆಯಿಯ ಮಾತು ನಂಬದೆ, ವಿಡಿಯೊ ಕೇಳಿದ. ತೋರಿಸಿದೆವು. ಮೂರು ಸಲ ನೋಡಿದ. ಆಮೇಲೆ, “ಮುಂದಿನ ವಾರ ಎಷ್ಟಕ್ಕ ಬರ್ಬೇಕ್ರಿ?” ಎಂದ.

ಈಗ ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ನಾನು ಹೊರಗೆ ಆಯಿಯ ಪಕ್ಕ ಕೂಡುತ್ತೇನೆ. ತಿರುಗಿಸಿ ತಿರುಗಿಸಿ ಹಿಡಿಕೆ ಮುರಿದ ಮೇಲೆ ಆ ಕಪ್ ನನ್ನ ಮೇಜಿಗೆ ಬಂತು. ಅಂದು ಕರೆಂಟು ಹೋಗಲಿಲ್ಲ, ಬಸ್ಸು ತಪ್ಪಲಿಲ್ಲ, ಆಯಿ ಓ ಅನ್ನಲಿಲ್ಲ. ಮಗು ಎದ್ದ ಗಾಬರಿಗೆ ಫೋನು ಹಿಡಿದ ನನ್ನ ಕೈಯಷ್ಟೇ ನೆಲದತ್ತ ಬಗ್ಗಿತ್ತು. ವಿಡಿಯೊದಲ್ಲಿರುವುದು ನನ್ನ ಕಾಲಿನ ಎರಡು ಹೆಬ್ಬೆರಳು, ಸೊರ್ ಎಂಬ ಸದ್ದು, ಮತ್ತು ನಾನು ಕುಡಿದು ಮುಗಿಸುವವರೆಗೆ ಆ ಬೆರಳುಗಳೆದುರು ಕದಲದೆ ನಿಂತ ಎರಡು ಪುಟ್ಟ ಪಾದ.